ಪರೇಲ್‌ನ ಖೋಲಿ, ಊರಿನ ಗಂಜಿ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ಮುಂಬೈಗೆ ಹೊರಡುವ ಕೆಲವು ಕುಟುಂಬಗಳ ಬಳಿ ಎರಡು ಚೀಲಗಳಿರುತ್ತವೆ. ಒಂದರಲ್ಲಿ ಸ್ಕ್ಯಾನಿಂಗ್ ಚಿತ್ರಗಳು, ವೈದ್ಯರ ಚೀಟಿಗಳು. ಇನ್ನೊಂದರಲ್ಲಿ ಜೋಳದ ಹಿಟ್ಟು, ಅಕ್ಕಿನುಚ್ಚು, ಹೆಸರುಬೇಳೆ, ಶೇಂಗಾ ಹಿಂಡಿ ಮತ್ತು ಒಂದು ಸಣ್ಣ ಕುಕ್ಕರು. ಅವರು ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ಹೊರಟವರು. ತಾವೇ ಅಡುಗೆ ಮಾಡಿಕೊಳ್ಳುವ ಬಾಡಿಗೆ ಮನೆ ಎಂಬುದು ಪ್ರವಾಸಿಗರಿಗೆ ರಜೆಯ ಒಂದು ಅನುಕೂಲ. ಈ ಕುಟುಂಬಗಳಿಗೆ ಅದು ಚಿಕಿತ್ಸೆಯ ಒಂದು ಭಾಗ.

ಮುಂಬೈ ಈ ಸೀಮೆಗೆ ಅಪರಿಚಿತ ನಗರವೇನಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ ಜಿಲ್ಲೆಯ ಜನರಿಗೆ ಅದೇ ರಾಜಧಾನಿ. ನವಾಬರ ಆಳ್ವಿಕೆಯಲ್ಲಿದ್ದ ಸವಣೂರು ಸಹ 1948ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತ್ತು. ಕಡತಗಳು, ವ್ಯಾಪಾರ, ಉದ್ಯೋಗ ಎಲ್ಲಕ್ಕೂ ಆ ದಾರಿಯಿತ್ತು. ರಾಜಧಾನಿ ಬೆಂಗಳೂರಾದ ಮೇಲೂ ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಹಿರಿಯರ ಬಾಯಲ್ಲಿ ಬರುವುದು ಮುಂಬೈಯೇ. 1941ರ ಫೆಬ್ರುವರಿ 28ರಂದು ಆರಂಭವಾದ ಆಸ್ಪತ್ರೆಯ ಮೇಲಿನ ನಂಬಿಕೆ ಅಂಥದ್ದು. ಏಳು ದ್ವೀಪಗಳನ್ನು ಕೂಡಿಸಿ ಕಟ್ಟಿದ ನಗರದಲ್ಲಿ ಪರೇಲ್ ಕೂಡ ಒಂದು ಕಾಲಕ್ಕೆ ಬೇರೆಯೇ ದ್ವೀಪ. ಊರಿನಿಂದ 600 ಕಿಲೊಮೀಟರಿಗೂ ಹೆಚ್ಚು ದೂರ ಬಂದ ರೋಗಿಗೆ ಇಂದಿಗೂ ಅದು ದ್ವೀಪವೇ.

ಕ್ಯಾನ್ಸರ್ ಚಿಕಿತ್ಸೆಯ ಸ್ವರೂಪವನ್ನು ಅರಿತರೆ ವಸತಿಯ ಮಹತ್ವ ತಿಳಿಯುತ್ತದೆ. ವಿಕಿರಣ ಚಿಕಿತ್ಸೆಗೆ ದಿನಕ್ಕೆ ಬೇಕಾಗುವುದು ಕೆಲವೇ ನಿಮಿಷ. ಆದರೆ ಅದನ್ನು ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ ಹಲವು ವಾರ ಪಡೆಯಬೇಕು. ಕಿಮೊಥೆರಪಿಯ ಸುತ್ತುಗಳ ನಡುವೆ ಅನೇಕ ವೇಳೆ 3 ವಾರಗಳ ಅಂತರವಿದ್ದರೂ, ಜ್ವರ ಬಂದರೆ ತಕ್ಷಣ ವೈದ್ಯರ ಬಳಿ ಧಾವಿಸಬೇಕು. ಇಷ್ಟಕ್ಕೆಲ್ಲ ಆಸ್ಪತ್ರೆಯಲ್ಲಿ ಹಾಸಿಗೆ ದೊರೆಯುವುದಿಲ್ಲ. ರೋಗಿ ಹೊರಗಿದ್ದುಕೊಂಡೇ ನಿತ್ಯ ಬಂದು ಹೋಗಬೇಕು. ಊರಿಗೆ ಮರಳುವಂತಿಲ್ಲ, ಆಸ್ಪತ್ರೆಯಲ್ಲಿ ಉಳಿಯುವಂತಿಲ್ಲ.

ಆಗ ಹುಡುಕಾಟ ಆರಂಭವಾಗುವುದು ಒಂದು ಖೋಲಿಗಾಗಿ. ಅದಕ್ಕಿಂತಲೂ ಒಂದು ಒಲೆಗಾಗಿ. ಚಿಕಿತ್ಸೆಯಿಂದ ಬಾಯಿ ಹುಣ್ಣಾದವರು ಹೋಟೆಲಿನ ಖಾರದ ಪಲ್ಯ ನುಂಗಲಾರರು. ಬಿಳಿ ರಕ್ತಕಣಗಳು ಕುಸಿದಾಗ ಕುದಿಸಿ ಆರಿಸಿದ ನೀರು, ಆಗತಾನೇ ಬೇಯಿಸಿದ ಅನ್ನವೇ ಕ್ಷೇಮ. ವಾಕರಿಕೆಯ ನಡುವೆ ಎರಡು ತಾಸಿಗೊಮ್ಮೆ ನಾಲ್ಕು ಚಮಚ ಗಂಜಿ ಕುಡಿಸಬೇಕಾಗುತ್ತದೆ. ಲಾಡ್ಜಿನ ಕೋಣೆಗಳಲ್ಲಿ ಅಡುಗೆಗೆ ಅವಕಾಶವಿರುವುದು ವಿರಳ. ಅಡುಗೆಮನೆಯಿರುವ ಖೋಲಿಯ ಬಾಡಿಗೆ ಒಕ್ಕಲುತನದ ಕುಟುಂಬಕ್ಕೆ ಎಟುಕುವಂಥದ್ದಲ್ಲ. ಸಿಕ್ಕರೂ ಕಡಲ ತೀರದ ತೇವಕ್ಕೆ ಊರಿನಿಂದ ತಂದ ಕಡಕ್ ರೊಟ್ಟಿ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಹಿಟ್ಟಿಗೆ ಹುಳು ಬೀಳುತ್ತದೆ. ಎಲ್ಲೂ ನೆಲೆ ಸಿಗದವರು ಆಸ್ಪತ್ರೆಯ ಸುತ್ತಲಿನ ಪಾದಚಾರಿ ಮಾರ್ಗದಲ್ಲೇ ಪ್ಲಾಸ್ಟಿಕ್ ಹಾಳೆಯ ಕೆಳಗೆ ದಿನ ಕಳೆಯುತ್ತಾರೆ.

ಈ ಸಂಕಟಕ್ಕೆ ಸ್ಪಂದಿಸಿದವರಿಲ್ಲವೆಂದಲ್ಲ. ದಾದರಿನಲ್ಲಿ ಸಂತ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ದೂರದ ರೋಗಿಗಳಿಗೆ ಆಶ್ರಯ ನೀಡುತ್ತಿದೆ. ಪರೇಲ್ ಪರಿಸರದಲ್ಲಿ ಇತರ ಸೇವಾಸಂಸ್ಥೆಗಳೂ ಇವೆ. ಆದರೆ ಇಡೀ ದೇಶದ ರೋಗಿಗಳು ಬಂದು ಸೇರುವ ಕಡೆ ಅವು ಸಾಲವು.

ಬಡ ಕುಟುಂಬದ ಚಿಕಿತ್ಸೆಗೆ 2018ರಿಂದ ಆಯುಷ್ಮಾನ್ ಭಾರತ್ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ಆಸ್ಪತ್ರೆಯ ಹೊರಗೆ ಹಿಡಿದ ಖೋಲಿಯ ಬಾಡಿಗೆ ಅದರಲ್ಲಿ ಬರುವುದಿಲ್ಲ. ಔಷಧದ ಹಣ ಉಳಿದರೂ ವಸತಿಯ ಖರ್ಚಿಗಾಗಿ ಹೊಲ ಅಡವಿಡುವ ಅಥವಾ ಚಿಕಿತ್ಸೆಯನ್ನೇ ಅರ್ಧಕ್ಕೆ ಬಿಟ್ಟು ಊರಿಗೆ ಮರಳುವ ಅಪಾಯ ತಪ್ಪಿದ್ದಲ್ಲ. ಅರ್ಧಕ್ಕೆ ನಿಂತ ಚಿಕಿತ್ಸೆಯ ಬೆಲೆ ಏನೆಂದು ಹೇಳಬೇಕಾಗಿಲ್ಲ.

ಯಾತ್ರಾರ್ಥಿಗಳಿಗಾಗಿ ಕರ್ನಾಟಕ ಸರ್ಕಾರ ರಾಜ್ಯದ ಗಡಿಯಾಚೆ ತಿರುಮಲದಲ್ಲಿ ಛತ್ರ ನಡೆಸುತ್ತಿದೆ. ಅದು ಸರಿಯಾದದ್ದೇ. ಒಂದೆರಡು ರಾತ್ರಿ ತಂಗುವ ಭಕ್ತನಿಗೆ ದೊರೆಯುವ ಆಸರೆ, ವಾರಗಟ್ಟಲೆ ತಂಗಲೇಬೇಕಾದ ರೋಗಿಗೆ ಏಕೆ ಬೇಡ? ಪರೇಲ್‌ಗೆ ಹತ್ತಿರದಲ್ಲಿ ಸಾಮೂಹಿಕ ಅಡುಗೆಮನೆಯುಳ್ಳ, ಕನ್ನಡ ಬಲ್ಲ ಮೇಲ್ವಿಚಾರಕರಿರುವ ಒಂದು ಆರೋಗ್ಯ ಛತ್ರವನ್ನು ಸರ್ಕಾರ ತೆರೆಯಬೇಕು. ಮುಂಬೈಯಲ್ಲಿ 1926ರಿಂದ ಇರುವ ಮೈಸೂರು ಅಸೋಸಿಯೇಷನ್, 1933ರಿಂದ ಇರುವ ಕರ್ನಾಟಕ ಸಂಘದಂತಹ ಸಂಸ್ಥೆಗಳ ಅನುಭವವನ್ನು ಇದಕ್ಕೆ ಬಳಸಿಕೊಳ್ಳಬಹುದು. ಜೊತೆಗೆ ಹುಬ್ಬಳ್ಳಿಯಲ್ಲಿ ದೊರೆಯಬಹುದಾದ ಚಿಕಿತ್ಸೆಗೆ ಮುಂಬೈವರೆಗೆ ಹೋಗಬೇಕಾಗಿಲ್ಲ ಎಂಬ ತಿಳಿವಳಿಕೆಯನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ನೀಡಬೇಕು.

ಹಸಿದು ಬಂದವರಿಗೆ ಅನ್ನವಿಕ್ಕುವುದು, ದಣಿದು ಬಂದವರಿಗೆ ಜಗಲಿಯಲ್ಲಿ ಜಾಗ ಕೊಡುವುದು ನಮ್ಮ ಸೀಮೆಯ ಹಳೆಯ ನಡವಳಿಕೆ. ಪರೇಲ್‌ನ ಬೀದಿಯಲ್ಲಿ ಕುಕ್ಕರು ಹಿಡಿದು ನಿಂತಿರುವ ಹಾನಗಲ್ಲಿನ ತಾಯಿ ಅನ್ನವನ್ನೂ ಬೇಡುತ್ತಿಲ್ಲ. ತನ್ನ ಮಗನಿಗೆ ಗಂಜಿ ಕಾಸಲು ಒಂದು ಒಲೆ ಬೇಡುತ್ತಿದ್ದಾಳೆ, ಅಷ್ಟೆ.