ನೆಲದೊಳಗಿನ ನೀರನ್ನು ಕಾಯುವ ಉದ್ಯೋಗ

ಕಳೆದ ತಿಂಗಳ ಒಂದು ರವಿವಾರ ಸಾಯಂಕಾಲ ನಮ್ಮ ಗಿರಣಿಯ ರಂಗಖಾತೆಯಲ್ಲಿ ದುಡಿಯುವ ಹಿರಿಯರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ವಾಚನಾಲಯಕ್ಕೆ ಬಂದರು. ಹುಡುಗ ಹನ್ನೆರಡನೆಯ ಇಯತ್ತೆಯನ್ನು ವಿಜ್ಞಾನ ವಿಷಯದಲ್ಲಿ ಪಾಸು ಮಾಡಿದ್ದಾನೆ. ಮುಂದೆ ಭೂಗರ್ಭಶಾಸ್ತ್ರ ಓದಿ ಅಂತರ್ಜಲದ ಕೆಲಸಕ್ಕೆ ಸೇರಬೇಕೆಂದು ಅವನ ಹಟ.

"ಏನ್ರೀ ಇದು, ಇಷ್ಟು ವರ್ಷ ಓದಿ ಬಾವಿ ತೋಡೂ ಕೆಲಸಕ್ಕ ಹೋಗ್ತಾನಂತ! ಬಿ.ಕಾಂ. ಮಾಡಿ ನಿಮ್ಮಂಗ ಕಾರಕೂನ ಆಗು ಅಂದ್ರ ಕೇಳಂಗಿಲ್ಲ. ನೀವಾದ್ರೂ ಒಂದು ಮಾತು ಹೇಳ್ರಿ" ಎಂದರು.

ನಾನು ಮ್ಯಾಟ್ರಿಕ್ ತನಕ ಓದಿದವನು. ಆ ಕ್ಷಣ ನನಗೆ ಉತ್ತರ ತೋಚಲಿಲ್ಲ. "ಒಂದು ತಿಂಗಳು ಅವಕಾಶ ಕೊಡಿರಿ" ಎಂದು ಕೇಳಿಕೊಂಡು, ಸಿಕ್ಕ ಪುಸ್ತಕಗಳನ್ನೂ ಪತ್ರಿಕೆಗಳನ್ನೂ ಓದಿದೆ. ತಿಳಿದುದನ್ನು ಎಲ್ಲ ಬಾಂಧವರ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ನಮ್ಮ ರಂಗಖಾತೆಗೆ ಬರುವ ಬಣ್ಣದ ಡಬ್ಬಿಗಳ ಲೆಕ್ಕವನ್ನು ಬರೆಯುವವನು ನಾನೇ. ಬಟ್ಟೆಗೆ ಹಾಕುವ ಎಷ್ಟೋ ಬಣ್ಣಗಳನ್ನು ತಯಾರಿಸಲು ಎಚ್-ಆಸಿಡ್ ಎಂಬ ರಾಸಾಯನಿಕ ಬೇಕಾಗುತ್ತದೆ. ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ಛ್ರಿ ಎಂಬ ಹಳ್ಳಿಯ ಬಳಿ 1988ರ ಸುಮಾರಿಗೆ ಇದನ್ನು ತಯಾರಿಸುವ ಕಾರಖಾನೆಗಳು ಆರಂಭವಾದವು. ತಯಾರಾದ ಮಾಲು ಸುಮಾರು 375 ಟನ್ ಮಾತ್ರ. ಆದರೆ ಅದರಿಂದ ಉಳಿದ ವಿಷಗಸಿ ಸುಮಾರು 2,400 ಟನ್! ಗಸಿಯನ್ನು ಬಯಲಲ್ಲಿ ಚೆಲ್ಲಿದರು, ಹೊಲಸು ನೀರನ್ನು ಹಾಗೆಯೇ ಹೊರಗೆ ಬಿಟ್ಟರು. ಮಳೆ ಬಂದಾಗ ವಿಷವು ನೆಲಕ್ಕಿಳಿಯಿತು. ಸುತ್ತಲಿನ ಬಾವಿಗಳ ನೀರು ಕೆಂಗಂದು ಬಣ್ಣಕ್ಕೆ ತಿರುಗಿತು. ಕುಡಿಯಲೂ ಬಾರದು, ಬೆಳೆಗೆ ಹಾಯಿಸಲೂ ಬಾರದು.

ಎಚ್-ಆಸಿಡ್ಡಿನ ತಯಾರಿಕೆ ಬೇಗನೆ ನಿಂತಿತು. ಆದರೆ ಬಾವಿಯ ನೀರು ತಿಳಿಯಾಗಲಿಲ್ಲ. 1989ರಲ್ಲಿ ಪ್ರಕರಣವು ಸುಪ್ರೀಂ ಕೋರ್ಟಿಗೆ ಹೋಯಿತು. ಕೆಡಿಸಿದವನೇ ಶುದ್ಧಗೊಳಿಸುವ ವೆಚ್ಚವನ್ನು ತೆರಬೇಕೆಂದು 1996ರ ಫೆಬ್ರವರಿ 13ರಂದು ತೀರ್ಪಾಯಿತು. ಆ ವೆಚ್ಚಕ್ಕೆ ಹಾಕಿದ ಅಂದಾಜು 37 ಕೋಟಿ ರೂಪಾಯಿಗೂ ಮಿಕ್ಕಿತ್ತು. ಹಣ ಸಂದಾಯವಾಗದೆ, 2011ರಲ್ಲಿ ಬಡ್ಡಿಸಹಿತ ಕೊಡಬೇಕೆಂದು ನ್ಯಾಯಾಲಯವು ಮತ್ತೆ ಆಜ್ಞೆ ಮಾಡಬೇಕಾಯಿತು. ಅಲ್ಪಕಾಲದ ತಯಾರಿಕೆ, ಹಲವು ದಶಕಗಳ ಸಂಕಟ! ನೆಲದೊಳಗಿನ ನೀರು ಕೆಟ್ಟರೆ ಆಗುವುದು ಹೀಗೆ.

ಇದಕ್ಕೆ ಕಾರಣವೇನು? ಹೊಳೆಯ ನೀರು ದಿನಕ್ಕೆ ಹತ್ತಾರು ಮೈಲಿ ಹರಿದುಹೋಗುತ್ತದೆ. ನೆಲದಡಿಯ ನೀರಾದರೋ ಮರಳಿನ ಕಾಳುಗಳ ಸಂದಿನಲ್ಲಿ ಮೆಲ್ಲಗೆ ತೆವಳುತ್ತದೆ. ಮರಳು ನೆಲದಲ್ಲಿ ಅದರ ನಡಿಗೆ ಅನೇಕ ವೇಳೆ ದಿನಕ್ಕೆ ಕೆಲವು ಅಂಗುಲ ಮಾತ್ರ. ಫ್ರಾನ್ಸಿನ ದಿಜೋನ್ ನಗರದ ಇಂಜಿನಿಯರ್ ಹೆನ್ರಿ ಡಾರ್ಸಿಯು ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ, ಈ ನಡಿಗೆಯ ನಿಯಮವನ್ನು 1856ರಲ್ಲಿ ಪ್ರಕಟಿಸಿದನು. ಮಟ್ಟದ ಇಳಿಜಾರು ಹೆಚ್ಚಿದಷ್ಟೂ, ಪದರಿನ ಸಂದುಗಳು ಸಲೀಸಾಗಿದ್ದಷ್ಟೂ ಹರಿವು ಹೆಚ್ಚು ಎಂಬುದು ಅದರ ಸಾರ. ಈ ಶಾಸ್ತ್ರವೆಲ್ಲ ನಿಂತಿರುವುದು ಈ ಅಡಿಪಾಯದ ಮೇಲೆ.

ವಿಷವು ಯಾವ ಕಡೆಗೆ ಹೋಗುತ್ತಿದೆಯೆಂದು ತಿಳಿಯಲು ಕಡಿಮೆಯೆಂದರೆ ಮೂರು ಬಾವಿಗಳು ಬೇಕು, ಅವು ಒಂದೇ ಸಾಲಿನಲ್ಲಿ ಇರಬಾರದು. ಒಂದು ಉದಾಹರಣೆ ನೋಡೋಣ. ಮೊದಲನೆಯ ಬಾವಿಯ ನೆಲದ ಎತ್ತರ 100 ಮೀಟರು, ನೀರು 8 ಮೀಟರು ಆಳದಲ್ಲಿದೆ; ನೀರಿನ ಮಟ್ಟ 92. ಎರಡನೆಯದರಲ್ಲಿ ನೆಲ 98, ಆಳ 9, ಮಟ್ಟ 89. ಮೂರನೆಯದರಲ್ಲಿ ನೆಲ 95, ಆಳ 3, ಮಟ್ಟ 92. ನೆಲ ಎಲ್ಲಕ್ಕಿಂತ ತಗ್ಗಾಗಿರುವುದು ಮೂರನೆಯ ಬಾವಿಯಲ್ಲಿ. ನಾವು ನೀವು ನೋಡಿದರೆ ಹೊಲಸು ಅತ್ತಲೇ ಹೋಗುವುದೆನ್ನುತ್ತೇವೆ. ಆದರೆ ನೆಲದಡಿಯ ನೀರಿನ ಇಳಿಜಾರಿರುವುದು ಎರಡನೆಯ ಬಾವಿಯ ಕಡೆಗೆ. ಮೊದಲು ಎಚ್ಚರಿಸಬೇಕಾದುದು ಆ ಬಾವಿಯ ನೀರು ಕುಡಿಯುವವರನ್ನು! ಕೂಡಿಸಿ ಕಳೆಯುವ ಇಷ್ಟು ಲೆಕ್ಕದಲ್ಲಿ ಒಂದು ಕೇರಿಯ ಆರೋಗ್ಯ ಅಡಗಿದೆ. ನಮ್ಮ ದಖ್ಖನ್ನಿನ ಕರಿಕಲ್ಲಿನಲ್ಲಿ ನೀರು ಬಿರುಕುಗಳನ್ನು ಹಿಡಿದು ಓಡುವುದರಿಂದ ಲೆಕ್ಕ ಇಷ್ಟು ಸರಳವಲ್ಲ. ಬಲ್ಲವರು ಬೇಕಾಗುವುದು ಅದಕ್ಕಾಗಿಯೇ.

ಇನ್ನು ದಿನದ ಕೆಲಸ ಹೇಗಿರುತ್ತದೆ? ಉಕ್ಕಿನ ಟೇಪಿಗೆ ಸೀಮೆಸುಣ್ಣ ಹಚ್ಚಿ ಬಾವಿಗೆ ಇಳಿಬಿಟ್ಟು ನೀರಿನ ಆಳವನ್ನು ಅಳೆಯುವುದು. ನೀರು ತಾಗಿದೊಡನೆ ಸದ್ದು ಮಾಡುವ ವಿದ್ಯುತ್ ಟೇಪುಗಳೂ ಉಂಟು. ಕೊಳವೆಯಲ್ಲಿ ನಿಂತ ಹಳೆಯ ನೀರನ್ನು ಹೊರಚೆಲ್ಲಿ, ಹೊಸದಾಗಿ ಊರಿ ಬಂದ ನೀರನ್ನು ಸೀಸೆಗೆ ತುಂಬುವುದು. ಬಾವಿಯ ನಂಬರು, ತಾರೀಖು, ವೇಳೆ, ತುಂಬಿದವರ ಸಹಿ ಇವನ್ನು ಚೀಟಿಯಲ್ಲಿ ಬರೆದು, ಬರ್ಫದ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಶಾಲೆಗೆ ಕಳಿಸುವುದು. ಚೀಟಿ ತಪ್ಪಿದರೆ ಆ ನೀರಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಲೆಕ್ಕಪತ್ರ ಬರೆದು ಬಲ್ಲ ನಮ್ಮಂಥವರಿಗೆ ಇದರ ಮಹತ್ವವನ್ನು ಹೇಳಬೇಕಾಗಿಲ್ಲ.

ಕೆಟ್ಟ ನೆಲವನ್ನು ಶುದ್ಧಗೊಳಿಸುವುದು ಮುಂದಿನ ಹೆಜ್ಜೆ. ಮೊದಲು ವಿಷದ ರಾಶಿಯನ್ನು ಎತ್ತಿಸಬೇಕು, ಇಲ್ಲವೆ ಮಳೆನೀರು ಇಳಿಯದಂತೆ ಮುಚ್ಚಿಸಬೇಕು. ಆಮೇಲೆ ನೀರನ್ನು ಪಂಪಿನಿಂದ ಮೇಲೆತ್ತಿ ಶುದ್ಧಮಾಡುವುದು ಒಂದು ಕ್ರಮ. ಇದು ಹತ್ತಾರು ವರ್ಷ ನಡೆಯಬಹುದು. ನೀರು ಹರಿಯುವ ದಾರಿಗೆ ಅಡ್ಡಲಾಗಿ ಕಂದಕ ತೋಡಿ ಕಬ್ಬಿಣದ ಚೂರು ತುಂಬುವುದು ಇನ್ನೊಂದು. ಚರ್ಮದ ಕಾರಖಾನೆಗಳಿಗೆ ಬೇಕಾದ ಕ್ರೋಮಿಯಂ ಲವಣ ತಯಾರಿಸುವಲ್ಲಿ ಉಳಿಯುವ ವಿಷಕಾರಿ ಕ್ರೋಮಿಯಂ, ಕಬ್ಬಿಣದ ಸಂಪರ್ಕದಿಂದ ಕಡಿಮೆ ಅಪಾಯದ ರೂಪಕ್ಕೆ ತಿರುಗಿ ಅಲ್ಲಿಯೇ ನಿಲ್ಲುತ್ತದೆ. ಎಣ್ಣೆಯಂಥ ಹೊಲಸನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಒದಗಿಸಿ ಅವುಗಳಿಂದಲೇ ಕೆಲಸ ಮಾಡಿಸುವುದೂ ಉಂಟು.

ಈಗ ಹುಡುಗರು ಮಾಡತಕ್ಕದ್ದೇನು? ಹನ್ನೆರಡನೆಯ ಇಯತ್ತೆಯನ್ನು ವಿಜ್ಞಾನದಲ್ಲಿ ಮುಗಿಸಿ, ಭೂಗರ್ಭಶಾಸ್ತ್ರ ಅಥವಾ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಬೇಕು. ಪುಣೆಯ ಫರ್ಗ್ಯುಸನ್, ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜುಗಳಲ್ಲಿ ಭೂಗರ್ಭಶಾಸ್ತ್ರವುಂಟು. ಆ ಮೇಲೆ ಎಂ.ಎಸ್ಸಿ. ಅವಶ್ಯ. ಮುಂಬಯಿಯ ಐ.ಐ.ಟಿ.ಗೆ ಜ್ಯಾಮ್ ಎಂಬ ಪ್ರವೇಶ ಪರೀಕ್ಷೆಯುಂಟು; ಊರಿನ ಕಡೆ ಹೋಗುವವರಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವಿದೆ. ಸಿವಿಲ್ ಇಂಜಿನಿಯರಿಂಗ್ ಓದಿದವರೂ ಶುದ್ಧೀಕರಣದ ಕೆಲಸಕ್ಕೆ ಬರುತ್ತಾರೆ.

ಎಂ.ಎಸ್ಸಿ. ಆದವರಿಗೆ ಕೇಂದ್ರ ಲೋಕಸೇವಾ ಆಯೋಗವು ಭೂವಿಜ್ಞಾನಿಗಳ ಸಂಯುಕ್ತ ಪರೀಕ್ಷೆಯನ್ನು ನಡೆಸುತ್ತದೆ. ಗೆದ್ದವರು ಕೇಂದ್ರ ಅಂತರ್ಜಲ ಮಂಡಳಿಯಲ್ಲಿ ವಿಜ್ಞಾನಿಗಳಾಗುತ್ತಾರೆ. ವಯಸ್ಸಿನ ಮಿತಿ 21ರಿಂದ 32. ಹಿಂದುಳಿದ ಹಾಗೂ ಪರಿಶಿಷ್ಟ ವರ್ಗದವರಿಗೆ ಸಡಿಲಿಕೆಯಿದೆ. ಮಹಾರಾಷ್ಟ್ರ, ಕರ್ನಾಟಕ ರಾಜ್ಯಗಳಿಗೆ ತಮ್ಮದೇ ಅಂತರ್ಜಲ ಇಲಾಖೆಗಳಿವೆ. ಮಾಲಿನ್ಯ ನಿಯಂತ್ರಣ ಮಂಡಳಿಗಳಿವೆ. ನಾಗಪುರದ ನೀರಿ, ಹೈದರಾಬಾದಿನ ಎನ್.ಜಿ.ಆರ್.ಐ., ರೂರ್ಕಿಯ ಜಲವಿಜ್ಞಾನ ಸಂಸ್ಥೆಗಳಲ್ಲಿ ಸಂಶೋಧನೆ ನಡೆಯುತ್ತದೆ. ಖಾಸಗಿ ಸಲಹಾ ಕಂಪನಿಗಳೂ ಉಂಟು. 2025ರ ಜುಲೈಯಲ್ಲಿ ಕೇಂದ್ರ ಸರಕಾರವು ಕಲುಷಿತ ನೆಲಗಳ ವಿಷಯವಾಗಿಯೇ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಇಂಥ ಸ್ಥಳಗಳನ್ನು ಗುರುತಿಸಿ, ಪರೀಕ್ಷಿಸಿ, ಕೆಡಿಸಿದವರಿಂದ ಶುದ್ಧಮಾಡಿಸುವ ಕ್ರಮ ಅದರಲ್ಲಿದೆ. ನಿಯಮ ನಡೆಯಬೇಕಾದರೆ ಬಲ್ಲ ಜನ ಬೇಕಲ್ಲವೆ?

ಕಷ್ಟಗಳನ್ನು ಮುಚ್ಚಿಡಬಾರದು. ಸರಕಾರಿ ಜಾಗಗಳು ಕಡಿಮೆ, ಸ್ಪರ್ಧೆ ಹೆಚ್ಚು. ಪ್ರಧಾನ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿಯೇ ಬರೆಯಬೇಕು. ಕನ್ನಡ ಶಾಲೆಯಲ್ಲಿ ಓದಿದವರು ಈಗಿನಿಂದಲೇ ಅಭ್ಯಾಸ ಮಾಡತಕ್ಕದ್ದು. ಖಾಸಗಿಯಲ್ಲಿ ಎಷ್ಟೋ ಕಡೆ ಗುತ್ತಿಗೆಯ ನೌಕರಿ. ಬಿಸಿಲಲ್ಲಿ ಅಲೆದಾಟ, ಮನೆಯಿಂದ ದೂರ. ವಿಷದ ನೆಲದಲ್ಲಿ ಕೈಚೀಲ, ಬೂಟು, ಮುಖವಾಡ ಕೊಡದ ಧಣಿಯ ಕೆಲಸವನ್ನು ಒಪ್ಪಲೇಬಾರದು.

ಮೊನ್ನೆ ರವಿವಾರ ಅಪ್ಪ ಮಗ ಇಬ್ಬರೂ ಮತ್ತೆ ಬಂದರು. ಇದನ್ನೆಲ್ಲ ಹೇಳಿ, ಮೂರು ಬಾವಿಗಳ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಹಿರಿಯರು ಬಹಳ ಹೊತ್ತು ನೋಡಿದರು. "ಮೂವತ್ತು ವರ್ಷ ನಾನು ಬಣ್ಣದ ನೀರನ್ನ ಗಟಾರಕ್ಕ ಬಿಟ್ಟೀನಿ. ಅದು ಎಲ್ಲಿಗೆ ಹೋಗ್ತದ ಅಂತ ಒಂದು ದಿವಸಾನೂ ಕೇಳಲಿಲ್ಲ" ಎಂದರು. ಸ್ವಲ್ಪ ತಡೆದು, "ಆತು, ಇವನರ ಕೇಳಲಿ" ಎಂದು ಮಗನ ಬೆನ್ನು ತಟ್ಟಿದರು.

ಬೇರೆ ಯಾರ ಮಕ್ಕಳಿಗಾದರೂ ಈ ದಾರಿ ಬೇಕಾದಲ್ಲಿ ರವಿವಾರ ಸಾಯಂಕಾಲ ವಾಚನಾಲಯಕ್ಕೆ ಕಳಿಸಿರಿ. ಅರ್ಜಿ ತುಂಬುವುದಕ್ಕೆ ನಾವು ಸ್ವಯಂಸೇವಕರು ಕೈಲಾದ ನೆರವು ನೀಡುತ್ತೇವೆ.