ಸಕ್ಕರೆಯ ಲೆಕ್ಕ ಮತ್ತು ಶ್ವಾಸಕೋಶದ ಸೋಂಕು

2021ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಬನಶಂಕರಿಯ ವಿದ್ಯುತ್ ಚಿತಾಗಾರದ ಮುಂದೆ ಆಂಬುಲೆನ್ಸ್‌ಗಳು ಸಾಲುಗಟ್ಟಿ ನಿಂತಿದ್ದ ದೃಶ್ಯವನ್ನು ದಕ್ಷಿಣ ಬೆಂಗಳೂರಿನ ವರ್ತಕ ಬಾಂಧವರು ಮರೆತಿರಲಾರರು. ಒಂದೇ ಮನೆಯಲ್ಲಿ ಸೋಂಕು ತಗುಲಿದವರ ಪೈಕಿ ಕೆಲವರು ಐದಾರು ದಿನಗಳಲ್ಲಿ ಎದ್ದು ಕುಳಿತರೆ, ಗಲ್ಲಾಪೆಟ್ಟಿಗೆಯ ಹಿಂದೆ ಮೂವತ್ತು ವರ್ಷ ಕುಳಿತ ಯಜಮಾನರಿಗೆ ಆಮ್ಲಜನಕದ ಹಾಸಿಗೆ ಹುಡುಕಬೇಕಾಯಿತು. ವೈರಾಣು ಒಂದೇ ಆಗಿದ್ದರೂ ಪರಿಣಾಮ ಬೇರೆಯಾದುದೇಕೆ? ಮೊದಲ ಕಾರಣ ವಯಸ್ಸು. ಅದಕ್ಕೆ ನಾವೇನೂ ಮಾಡಲಾರೆವು. ಆದರೆ ಮಧುಮೇಹ ಮತ್ತು ಬೊಜ್ಜಿನ ಪಾಲು ಬಹುಮಟ್ಟಿಗೆ ನಮ್ಮ ಹತೋಟಿಯಲ್ಲಿರುವಂಥದ್ದು.

ರಕ್ತದಲ್ಲಿ ಸಕ್ಕರೆಯ ಪ್ರಮಾಣ ದೀರ್ಘಕಾಲ ಹೆಚ್ಚಾಗಿದ್ದಲ್ಲಿ ಬಿಳಿ ರಕ್ತಕಣಗಳ ಚುರುಕು ಕುಂದುತ್ತದೆ. ಸೂಕ್ಷ್ಮ ರಕ್ತನಾಳಗಳ ಒಳಪದರ ಕೆಟ್ಟು, ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಏರುತ್ತದೆ. ಹೊಟ್ಟೆಯ ಕೊಬ್ಬು ಉರಿಯೂತಕಾರಕ ರಾಸಾಯನಿಕಗಳನ್ನು ಸ್ರವಿಸುವುದಲ್ಲದೆ, ವಪೆಯನ್ನು ಮೇಲಕ್ಕೊತ್ತಿ ಶ್ವಾಸಕೋಶದ ತಳಭಾಗ ಪೂರ್ಣವಾಗಿ ಹಿಗ್ಗದಂತೆ ಮಾಡುತ್ತದೆ. 2009ರ ಎಚ್1ಎನ್1 ಪಿಡುಗಿನಲ್ಲೇ ಬೊಜ್ಜಿನ ಅಪಾಯ ವೈದ್ಯರ ಗಮನಕ್ಕೆ ಬಂದಿತ್ತು. ಇದರ ಮೇಲೆ, ಸೋಂಕು ತಾನೇ ಸಕ್ಕರೆಯನ್ನು ಏರಿಸುತ್ತದೆ. ಪ್ರಾಣ ಉಳಿಸಲು ಕೊಡುವ ಸ್ಟೀರಾಯ್ಡ್ ಇನ್ನಷ್ಟು ಏರಿಸುತ್ತದೆ. 2021ರಲ್ಲಿ ಕಪ್ಪು ಶಿಲೀಂಧ್ರಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಮಧುಮೇಹಿಗಳೇ ಆಗಿದ್ದರು.

ಹಾಗೆಂದು ಮಧುಮೇಹಿಗಳೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಚೀನಾದ ಹುಬೇ ಪ್ರಾಂತ್ಯದ ಆಸ್ಪತ್ರೆಗಳ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ಅವಧಿಯಲ್ಲಿ ಸಕ್ಕರೆ 70ರಿಂದ 180ರೊಳಗೆ ಇದ್ದ ಮಧುಮೇಹಿಗಳಲ್ಲಿ ಮೃತಪಟ್ಟವರು ಶೇ. 1.1, ಆ ಮಿತಿ ಮೀರಿದವರಲ್ಲಿ ಶೇ. 11. ಹತೋಟಿಯಲ್ಲಿದ್ದವರ ಸೋಂಕೇ ಸೌಮ್ಯವಾಗಿದ್ದಿರಬಹುದಾದ್ದರಿಂದ ಈ ಹತ್ತುಪಟ್ಟನ್ನು ಪೂರ್ತಿಯಾಗಿ ಸಕ್ಕರೆಯ ಖಾತೆಗೆ ಬರೆಯಲಾಗದು. ಆದರೆ ಸೋಂಕಿಗೆ ಮುಂಚಿನ ದಾಖಲೆಗಳನ್ನು ಆಧರಿಸಿದ ಇಂಗ್ಲೆಂಡಿನ ಅಧ್ಯಯನವೂ ಅದೇ ದಿಕ್ಕನ್ನು ತೋರಿತು. ಎಚ್‌ಬಿಎ1ಸಿ ಶೇ. 7.5 ಮೀರಿದ್ದವರಲ್ಲಿ ಮರಣದ ಅಪಾಯ ಮಧುಮೇಹವಿಲ್ಲದವರಿಗಿಂತ ಹೆಚ್ಚುಕಡಿಮೆ ಇಮ್ಮಡಿ. ಅದರೊಳಗಿದ್ದವರಲ್ಲಿ ಮೂರನೆಯ ಒಂದಂಶದಷ್ಟು ಮಾತ್ರ ಅಧಿಕ.

ಬೆಳಗಿನ ಖಾಲಿಹೊಟ್ಟೆಯ ಪರೀಕ್ಷೆಯೆಂದರೆ ಅಂದಿನ ನಗದು ಶಿಲ್ಕಿದ್ದಂತೆ. ಹಿಂದಿನ ರಾತ್ರಿ ಪಥ್ಯ ಮಾಡಿ ಅದನ್ನು ಚೆನ್ನಾಗಿ ತೋರಿಸಬಹುದು. ಎಚ್‌ಬಿಎ1ಸಿ ಎಂದರೆ ಎರಡು ಮೂರು ತಿಂಗಳ ಖಾತೆಪುಸ್ತಕ. ಅಲ್ಲಿ ತಿದ್ದುವಂತಿಲ್ಲ.

ನಮ್ಮ ದಿನಚರಿಯಾದರೂ ಎಂತಹುದು? ಜಯನಗರ 4ನೆಯ ಬ್ಲಾಕಿನ ಅಂಗಡಿಯಾಗಲಿ, ಜೆ.ಪಿ. ನಗರದ ಸಾರಕ್ಕಿ ಕೈಗಾರಿಕಾ ಬಡಾವಣೆಯ ಘಟಕವಾಗಲಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಕುಳಿತೇ ಇರುವುದು, ಮಧ್ಯಾಹ್ನ ಮೂರಕ್ಕೆ ಊಟ, ಬಂದ ಗಿರಾಕಿಯೊಡನೆ ಬೈಟು ಕಾಫಿ. ಅರ್ಧ ಲೋಟವೆಂದು ಸಮಾಧಾನಪಟ್ಟುಕೊಂಡರೂ ಹತ್ತು ಅರ್ಧಗಳು ಐದಾಗುತ್ತವೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿರುವರೆಂದು ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಅಂದಾಜಿಸಿತು. ನಮ್ಮ ಸದಸ್ಯರಲ್ಲೂ ತಿಳಿಯದೆ ಇರುವವರು ಇದ್ದೇ ಇರುತ್ತಾರೆ.

2025ರ ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಹರಡಿದಾಗ ಜಯದೇವ ಆಸ್ಪತ್ರೆಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ಸಕ್ಕರೆಯ ಪರೀಕ್ಷೆಗೆ ಅಂತಹ ಸುದ್ದಿ ಬೇಕಿಲ್ಲ. ಬಡಾವಣೆಯ ‘ನಮ್ಮ ಕ್ಲಿನಿಕ್’ನಲ್ಲಿ ಅದು ಉಚಿತ. ಮುಂಗಾರಿನಲ್ಲಿ ಫ್ಲೂ ಹೆಚ್ಚುವುದರಿಂದ ಮಧುಮೇಹಿಗಳು ಅದಕ್ಕೆ ಮುಂಚೆಯೇ ವರ್ಷಕ್ಕೊಮ್ಮೆಯ ಲಸಿಕೆಯ ಬಗ್ಗೆ ವೈದ್ಯರನ್ನು ವಿಚಾರಿಸತಕ್ಕದ್ದು. ಜ್ವರ ಬಂದು ಊಟ ಸೇರದಿದ್ದಾಗ ಇನ್ಸುಲಿನ್ ಅನ್ನು ತಾವಾಗಿಯೇ ನಿಲ್ಲಿಸಬಾರದು; ಆದರೆ ಕೆಲವು ಮಾತ್ರೆಗಳನ್ನು ತಾತ್ಕಾಲಿಕವಾಗಿ ಬಿಡಬೇಕಾಗಬಹುದು. ಯಾವುದನ್ನೆಂಬುದನ್ನು ಆರೋಗ್ಯವಾಗಿರುವಾಗಲೇ ವೈದ್ಯರಿಂದ ಬರೆಸಿಟ್ಟುಕೊಳ್ಳುವುದು ಲೇಸು. ಆ ಚೀಟಿ ಅಂಗಡಿಯ ಇನ್ನೊಂದು ಬೀಗದ ಕೈಯೊಂದಿಗೆ ಮನೆಯವರ ಬಳಿ ಇರಲಿ. ಚೆಕ್ಕಿಗೆ ಸಹಿ ಮಾಡುವವರು ಒಬ್ಬರೇ ಆಗಿರುವ ಸಂಸ್ಥೆಗಳಲ್ಲಿ, ಎರಡನೆಯ ಸಹಿಯನ್ನೂ ಬ್ಯಾಂಕಿನಲ್ಲಿ ನೋಂದಾಯಿಸಿಡುವುದು ಒಳಿತು.