ಲೆಗೋ ಸ್ಟಿಕ್ಕರ್ ನೇರವಾಗಿ ಕೂರಿಸುವುದು ಹೇಗೆ?

ಡೆನ್ಮಾರ್ಕಿನ ಲೆಗೋ ಕಂಪನಿಯ ‘ಸ್ಪೀಡ್ ಚಾಂಪಿಯನ್ಸ್’ ಸರಣಿಯ ಪುಟ್ಟ ರೇಸ್ ಕಾರುಗಳಿಗೆ ಅರ್ಧ ಅಂದ ಬರುವುದೇ ಸ್ಟಿಕ್ಕರುಗಳಿಂದ. ಕೂದಲೆಳೆಯಷ್ಟು ಓರೆಯಾದರೂ ಕಣ್ಣಿಗೆ ಹೊಡೆಯುತ್ತದೆ.

ಪಳಗಿದ ಹವ್ಯಾಸಿಗಳು ಮೊದಲು ಇಟ್ಟಿಗೆಯ ಮೇಲಿನ ಬೆರಳ ಜಿಡ್ಡನ್ನು ಒರೆಸುತ್ತಾರೆ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಬೆರೆಸಿದ ನೀರನ್ನು ತೆಳುವಾಗಿ ಸವರಿ, ಚಿಮುಟದಲ್ಲಿ ಹಿಡಿದ ಸ್ಟಿಕ್ಕರನ್ನು ಮೇಲಿಡುತ್ತಾರೆ. ನೀರಿನ ಪದರ ಇರುವಷ್ಟು ಹೊತ್ತು ಅಂಟು ಕಚ್ಚಿಕೊಳ್ಳುವುದಿಲ್ಲ. ಅಂಚಿಗೆ ಅಂಚು ಕೂಡುವವರೆಗೆ ಆಚೀಚೆ ಸರಿಸಬಹುದು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನತ್ತ ಒತ್ತಿದರೆ ನೀರು, ಗಾಳಿಗುಳ್ಳೆ ಎರಡೂ ಹೊರಬೀಳುತ್ತವೆ. ಪೂರ್ತಿ ಒಣಗುವ ತನಕ ಮುಟ್ಟಬಾರದು.

ಕಪ್ಪು ಇಟ್ಟಿಗೆಯ ಮೇಲೆ ಸ್ಟಿಕ್ಕರಿನ ಬಿಳಿ ಅಂಚು ಎದ್ದು ಕಾಣುವುದುಂಟು. ಅಂಟಿಸುವ ಮುನ್ನವೇ ಆ ಅಂಚಿಗೆ ಕಪ್ಪು ಮಾರ್ಕರ್ ತಾಗಿಸಿದರೆ ಗೆರೆ ಮರೆಯಾಗುತ್ತದೆ.

ಸಿದ್ಧವಾದ ಮಾದರಿಯನ್ನು ನೇರ ಬಿಸಿಲಿಗಿಡಬೇಡಿ, ಬಣ್ಣ ಮಾಸುತ್ತದೆ.